ಒಳ್ಳೆಯದಕ್ಕೆ ಮಾತ್ರ

ಮೂವತ್ತೊಂದು ವರ್ಷ ರಾಜಾಜಿನಗರದ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವನು ನಾನು. ಗೈಡು ಕಂಡರೆ ನನಗೆ ಮೈ ಉರಿ. ನೋಟ್ಸನ್ನು ನಾನೇ ಬರೆಸುತ್ತಿದ್ದೆ, ಮಕ್ಕಳು ಬಾಯಿಪಾಠ ಮಾಡುತ್ತಿದ್ದರು. ‘ಟ್ರಾನ್ಸ್‌ಫಾರ್ಮ್’ ಎಂಬ ಕ್ರಿಯಾಪದಕ್ಕೆ ನಾನು ಬರೆಸಿದ ಅರ್ಥ: ‘ಪೂರ್ತಿಯಾಗಿ ಬದಲಾಗುವುದು, ಒಳ್ಳೆಯದಕ್ಕೆ ಮಾತ್ರ.’ ಆ ಕೊನೆಯ ಎರಡು ಪದ ಯಾವ ಡಿಕ್ಷನರಿಯಲ್ಲೂ ಇಲ್ಲ. ನನ್ನ ಉದಾಹರಣೆಗಳಲ್ಲಿ ಕಂಬಳಿಹುಳ ಚಿಟ್ಟೆಯಾಗುತ್ತಿತ್ತು, ಸೋಮಾರಿ ಹುಡುಗ ಫಸ್ಟ್ ಕ್ಲಾಸ್ ಬರುತ್ತಿದ್ದ. ಆ ಹುರುಪಿನಲ್ಲಿ ಸೇರಿಸಿಬಿಟ್ಟಿದ್ದೆ. ಒಂದು ದಿನ ಹಿಂದಿನ ಬೆಂಚಿನ ಬಾಳೇಶ ಎದ್ದು ನಿಂತು, "ಒಳ್ಳೇವ್ನು ಕುಡುಕ ಆದ್ರೆ ಏನನ್ಬೇಕು ಸಾರ್?" ಎಂದು ಕೇಳಿದ. "ಅದಕ್ಕೆ ಬೇರೆ ಪದ ಇದೆ, ಕೂತ್ಕೊಳೋ ಅಧಿಕಪ್ರಸಂಗಿ" ಎಂದು ಗದರಿದೆ. ನನಗೆ ಉತ್ತರ ಗೊತ್ತಿರಲಿಲ್ಲ, ಅಷ್ಟೇ.

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಅದೇ ಕ್ಲಾಸಿನ ಚೈತ್ರ ಬಸವೇಶ್ವರನಗರದ ನಮ್ಮ ಮನೆಗೆ ಬಂದಳು. ಈಗ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಾಳೆ, ಮನೆ ಲಗ್ಗೆರೆಯಲ್ಲಿ. ಜೊತೆಗೆ ಅವಳ ತಾಯಿ ಮುನಿಲಕ್ಷ್ಮಮ್ಮ, ಕೈಯಲ್ಲಿ ಒಬ್ಬಟ್ಟಿನ ಡಬ್ಬಿ. ಮುನಿಲಕ್ಷ್ಮಮ್ಮನವರ ಕತ್ತಿನಲ್ಲಿ ಎರಡು ವರ್ಷದಿಂದ ಗಂಟು. ಕ್ಯಾನ್ಸರೇ, ಆದರೆ ನಿಧಾನದ್ದು, ಸದ್ಯಕ್ಕೆ ನೋಡುತ್ತಿರೋಣ ಎಂದಿದ್ದರಂತೆ ಡಾಕ್ಟರು. ಈಚೆಗೆ ಗಂಟು ದೊಡ್ಡದಾಯಿತೆಂದು ಚೂರು ತೆಗೆದು ಮತ್ತೆ ಪರೀಕ್ಷೆಗೆ ಕಳಿಸಿ, ರಿಪೋರ್ಟ್ ಬಂದ ಕೂಡಲೇ ಬನ್ನಿ ಎಂದಿದ್ದರಂತೆ.

"ರಿಪೋರ್ಟ್ ಮೊಬೈಲಿಗೇ ಬಂತು ಸಾರ್," ಚೈತ್ರಳ ಮುಖ ಅರಳಿತ್ತು. "ಬೇರೆ ಏನೂ ಅರ್ಥ ಆಗ್ಲಿಲ್ಲ, ನೀವು ಹೇಳ್ಕೊಟ್ಟ ಪದ ಒಂದು ಸಿಕ್ತು. ಟ್ರಾನ್ಸ್‌ಫಾರ್ಮ್ ಆಗಿದೆಯಂತೆ! ಪೂರ್ತಿ ಒಳ್ಳೇದಾಗಿದೆ ಅಂತ ಅಮ್ಮನಿಗೆ ಹೇಳ್ದೆ. ಇನ್ಯಾಕೆ ಆಸ್ಪತ್ರೆ ಅಂತ ಬಿಟ್ವಿ."

"ಯಾವಾಗ ಬಂತಮ್ಮ ಇದು?"

"ಒಂದೂವರೆ ತಿಂಗ್ಳಾಯ್ತು ಸಾರ್."

ಮೊಬೈಲು ಇಸಕೊಂಡು ಓದಿದೆ. ನಿಧಾನದ ಕ್ಯಾನ್ಸರ್ ವೇಗದ ಕ್ಯಾನ್ಸರಾಗಿ ಬದಲಾಗಿದೆ ಎಂದು ಒಂದೇ ಸಾಲಿನಲ್ಲಿತ್ತು. ಒಬ್ಬಟ್ಟು ತಿಂದು, ಸಂತೋಷ ಎಂದು ಹೇಳಿ ಕಳಿಸಿಬಿಡಲೇ ಎಂದು ಒಂದು ಕ್ಷಣ ಅನಿಸಿದ್ದೂ ನಿಜ.

"ನೀವೇ ಒಂದ್ಸಲ ಕನ್ನಡದಲ್ಲಿ ಓದಿ ಮೇಷ್ಟ್ರೇ," ಎಂದರು ಮುನಿಲಕ್ಷ್ಮಮ್ಮ. "ಕಿವಿ ತುಂಬ ಕೇಳ್ಬೇಕು."

ಓದಿದೆ. ಒಂದಕ್ಷರವನ್ನೂ ಬಿಡಲಿಲ್ಲ. ಆಕೆಯ ಕೈ ತಾನಾಗಿ ಕತ್ತಿಗೆ ಹೋಯಿತು. ಚೈತ್ರ ಮಾತ್ರ ನನ್ನನ್ನೇ ನೋಡುತ್ತಿದ್ದಳು.

"ಒಳ್ಳೇದಕ್ಕೆ ಮಾತ್ರ ಅಂತ ಬರೆಸಿದ್ರಲ್ಲ ಸಾರ್?"

"ತಪ್ಪು ಬರೆಸಿದ್ದೆ ಕಣಮ್ಮ."

ಪರೀಕ್ಷೆ ಪತ್ರಿಕೆಯಲ್ಲಿ ಮಕ್ಕಳ ಕಾಗುಣಿತದ ತಪ್ಪಿಗೆಲ್ಲ ಅರ್ಧರ್ಧ ಅಂಕ ಕಳೆದವನು ನಾನು. ಆ ಹುಡುಗಿ ಒಂದು ಅಕ್ಷರವನ್ನೂ ತಪ್ಪಿರಲಿಲ್ಲ. ಹೇಳಿಕೊಟ್ಟಿದ್ದನ್ನು ಹೇಳಿಕೊಟ್ಟ ಹಾಗೇ ನೆನಪಿಟ್ಟುಕೊಂಡಿದ್ದಳು.

ಮಾರನೆಯ ದಿನವೇ ಆಸ್ಪತ್ರೆಗೆ ಹೋದೆವು, ಸ್ಕ್ಯಾನ್ ಆಯಿತು. ಗುರುವಾರ ಡಾಕ್ಟರು ಕರೆದಾಗಲೂ ಜೊತೆಗೆ ಹೋದೆ. ಮುನಿಲಕ್ಷ್ಮಮ್ಮನವರನ್ನು ಹೊರಗೆ ಕೂರಿಸಿ ನಾವಿಬ್ಬರೇ ಒಳಗೆ ಹೋದೆವು. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು.

"ಚೂರು ತೆಗೆದಾಗ ಕತ್ತಲ್ಲಿ ಮಾತ್ರ ಇತ್ತು. ಈಗ ಲಿವರಿಗೂ ಹೋಗಿದೆ. ಟ್ರೀಟ್‌ಮೆಂಟ್ ಶುರು ಮಾಡೋಣ, ಆದ್ರೆ ಮುಂಚಿನಷ್ಟು ಭರವಸೆ ಕೊಡಕ್ಕಾಗಲ್ಲ. ಯಾಕಮ್ಮ ಇಷ್ಟು ಲೇಟ್ ಮಾಡಿದ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಚೈತ್ರ, "ರಜಾ ಸಿಗ್ಲಿಲ್ಲ ಮೇಡಂ, ನಂದೇ ತಪ್ಪು," ಎಂದಳು.

ಡಾಕ್ಟರು ನನ್ನ ಕಡೆ ತಿರುಗಿದರು. "ನೀವು?"

"ನಮ್ ಇಂಗ್ಲಿಷ್ ಮೇಷ್ಟ್ರು ಮೇಡಂ," ಎಂದಳು ಚೈತ್ರ. "ಇವ್ರು ಓದಿ ಹೇಳಿದ್ದಕ್ಕೇ ನಾವು ಬಂದಿದ್ದು."

"ಒಳ್ಳೇ ಕೆಲ್ಸ ಮಾಡಿದ್ರಿ ಸಾರ್," ಎಂದರು ಡಾಕ್ಟರು.

ನಾನು ಹೌದೆಂಬಂತೆ ತಲೆಯಾಡಿಸಿದೆ.