ಹಿಡ್ಕೊಂಡಿದೀನಿ, ತುಳಿ

ಲೋಕದಲ್ಲಿ ಸುಳ್ಳುಗಳು ನೂರೆಂಟಿದ್ದರೂ ಅವಕ್ಕೆಲ್ಲ ರಾಜನಂಥ ಸುಳ್ಳು ಒಂದೇ. ಅದನ್ನು ಹೇಳುವವರು ಕಳ್ಳರೂ ಅಲ್ಲ, ಕಾಕರೂ ಅಲ್ಲ. ಅಪ್ಪ, ಅಣ್ಣ, ಮಾಮ, ಚಿಕ್ಕಪ್ಪ. ಸೈಕಲ್ಲಿನ ಸೀಟನ್ನು ಹಿಂದಿನಿಂದ ಹಿಡಿದು ಓಡುತ್ತ ಓಡುತ್ತ, "ಹಿಡ್ಕೊಂಡಿದೀನಿ, ತುಳಿ" ಎನ್ನುತ್ತಾರೆ. ಅಷ್ಟು ಹೊತ್ತಿಗಾಗಲೇ ಬಿಟ್ಟಾಗಿರುತ್ತದೆ.

ಆ ಮನೆಯಲ್ಲಂತೂ ಇದು ಆಸ್ತಿಯ ಹಾಗೆ ತಲೆಮಾರಿನಿಂದ ತಲೆಮಾರಿಗೆ ಇಳಿದುಬಂದ ಸುಳ್ಳು. ಅಜ್ಜಿಯ ಮೊಣಕೈ ಸೊಟ್ಟಗಾದದ್ದು ಅದರಿಂದಲೇ. ಅಣ್ಣನ ಹುಬ್ಬಿನ ಮೇಲಿನ ಗೆರೆಯೂ ಅದರದ್ದೇ. ಅದೇ ಅಣ್ಣ ಅದೇ ಮಾತು ಹೇಳಿ ತಂಗಿಗೆ ಕಲಿಸಲು ಹೋದಾಗ, ಒಂಬತ್ತು ವರ್ಷದ ಅವಳ ಮುಂದಿನ ಹಲ್ಲೊಂದು ಚರಂಡಿಯ ಕಲ್ಲಿಗೆ ಕಾಣಿಕೆಯಾಯಿತು. ಈ ಕಥೆಗಳನ್ನು ಊಟದ ಹೊತ್ತಿಗೆ ಹೇಳಿಕೊಂಡು ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ತಂಗಿಯೂ ನಗುತ್ತಿದ್ದಳು. ನಗದಿದ್ದರೆ 'ಇವಳಿಗೆ ಮೂಗಿನ ತುದಿಯಲ್ಲೇ ಸಿಟ್ಟು' ಅನ್ನುತ್ತಾರಲ್ಲ.

ಈಗ ಆ ತಂಗಿಗೆ ನಾಲ್ಕು ವರ್ಷದ ಮಗಳು. ಆಕಾರ ಚಿಕ್ಕದು, ಖಾರ ದೊಡ್ಡದು ಎಂದು ಎಲ್ಲರೂ ಅವಳನ್ನು ಮೆಣಸು ಎಂದೇ ಕರೆಯುತ್ತಿದ್ದರು. ತಂಗಿಗೆ ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸ. ಹಗಲೆಲ್ಲ ಮೇಣದ ಒಸಡಿನಲ್ಲಿ ಯಾರ್ಯಾರದೋ ನಗುವನ್ನು ಒಂದೊಂದಾಗಿ ಜೋಡಿಸಿ ಕೂರಿಸುತ್ತಿದ್ದಳು. ಮೇಲಿನ ಮಹಡಿಯಲ್ಲಿದ್ದ ಅಣ್ಣನದು ಡ್ರೈವಿಂಗ್ ಸ್ಕೂಲು. ಅವರಿಬ್ಬರ ತಾಯಿ, ಅಂದರೆ ಮೆಣಸಿನ ಅಜ್ಜಿ, ಇಬ್ಬರಿಗೂ ಸೇರಿದವಳು: ಊಟ ಮೇಲೆ, ನಿದ್ದೆ ಕೆಳಗೆ, ಸಲಹೆ ಎರಡೂ ಕಡೆ.

ಮೆಣಸಿಗೆ ಪುಟ್ಟ ಸೈಕಲ್ ಬಂದ ದಿನವೇ ತಂಗಿ ಸ್ಪ್ಯಾನರ್ ಹಿಡಿದು ಅಂಗಳದಲ್ಲಿ ಕೂತಳು. ಬಲಗಡೆಯ ಪೆಡಲ್ ಮರುಮಾತಾಡದೆ ಕಳಚಿಕೊಂಡಿತು. ಎಡಗಡೆಯದು ಹಟ ಹಿಡಿಯಿತು. ಅದನ್ನು ತಿರುಗಿಸುವ ದಿಕ್ಕೇ ಉಲ್ಟಾ ಎಂದು ಹೊಳೆಯುವಷ್ಟರಲ್ಲಿ ಅಂಗೈ ಕೆಂಪಾಗಿತ್ತು. ಆಮೇಲೆ, ಮಗುವಿನ ಎರಡೂ ಪಾದ ನೆಲಕ್ಕೆ ಪೂರ್ತಿ ಊರುವಷ್ಟು ಸೀಟು ಇಳಿಸಿದಳು.

"ಅಯ್ಯೋ, ಹೊಸಾ ಸೈಕಲ್ಲಿನ ಕೈಕಾಲು ಮುರಿದು ಕೂರಿಸಿದ್ಯಲ್ಲೇ!" ಎಂದಳು ಅಜ್ಜಿ.

"ಕಾಲು ಅವಳ ಹತ್ರಾನೇ ಎರಡಿದೆಯಮ್ಮ. ಮೊದ್ಲು ಅದ್ರಲ್ಲೇ ತಳ್ಕೊಂಡು ಓಡ್ಸಲಿ. ಬೀಳದೆ ಇರೋದು ಬಂದ್ಬಿಟ್ರೆ ತುಳಿಯೋದೇನು ಮಹಾ?"

ಮೆಟ್ಟಿಲ ಮೇಲೆ ನಿಂತಿದ್ದ ಅಣ್ಣ ನಕ್ಕ. "ಪೆಡಲ್ ಇಲ್ದಿರೋ ಸೈಕಲ್ಲು, ಬತ್ತಿ ಇಲ್ದಿರೋ ದೀಪ! ಇದೆಲ್ಲ ಯಾಕೆ, ಹಿಡ್ಕೊಳ್ಳೋಕೆ ನಾನಿಲ್ವಾ?"

"ನೀನಿದೀಯ ಅಂತಾನೇ ಬಿಚ್ಚಿದ್ದು," ಎಂದು ತಂಗಿ ಪೆಡಲ್‌ಗಳನ್ನು ಅಡುಗೆಮನೆಯ ಡ್ರಾಯರಿನಲ್ಲಿಟ್ಟಳು.

ಮೆಣಸು ಮೊದಮೊದಲು ಸೈಕಲ್ಲನ್ನು ಕಾಲುಗಳ ನಡುವೆ ಇಟ್ಟುಕೊಂಡು ಬಾತುಕೋಳಿಯ ಹಾಗೆ ನಡೆದಳು. ಬಿದ್ದಳು, ಬೈದುಕೊಂಡಳು, ಎದ್ದಳು. ಆಮೇಲೆ ದಾಪುಗಾಲು. ಒಂದು ಸಂಜೆ, ಬಟ್ಟೆ ಒಣಹಾಕಿದ ಹಗ್ಗದಡಿ ಹಾದುಹೋಗುವಾಗ, ಯಾರೂ ಹೇಳದೆ ಎರಡೂ ಪಾದಗಳನ್ನು ಮೇಲೆತ್ತಿದಳು. ಕಥೆಗಳಲ್ಲಿ ಏಳು ಕಡಲು ದಾಟುವ ಕುದುರೆಗೆ ರೆಕ್ಕೆ ಮೂಡುವಾಗ ಸದ್ದೇ ಆಗುವುದಿಲ್ಲವಂತೆ. ಹಾಗೆ ಸದ್ದಿಲ್ಲದೆ ಗೋಡೆಯವರೆಗೂ ತೇಲಿಹೋಗಿ, ಕಾಲೂರಿ ನಿಂತು, ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ. ಅಮ್ಮ ದೂರದ ಕಟ್ಟೆಯ ಮೇಲೆ ಬಟಾಣಿ ಸುಲಿಯುತ್ತಿದ್ದಳು.

"ನಾನೇ!" ಎಂದು ಕೂಗಿದಳು ಮೆಣಸು.

ಆ ಮನೆಯಲ್ಲಿ ಸುಳ್ಳಿಲ್ಲದೆ ಚಕ್ರ ಉರುಳಿದ್ದು ಅದೇ ಮೊದಲು.

ಶನಿವಾರ ಅವಳು ಲ್ಯಾಬಿನಿಂದ ಬಂದಾಗ ಸೈಕಲ್ಲು ಅಂಗಳದಲ್ಲಿ ಅಡ್ಡಬಿದ್ದಿತ್ತು. ಅದಕ್ಕೆ ಪೆಡಲ್ ಬಂದಿತ್ತು, ಸೀಟು ಏರಿತ್ತು. ಒಳಗೆ ಮೆಣಸು ಅಜ್ಜಿಯ ಮಡಿಲಲ್ಲಿ ಕೂತಿದ್ದಳು. ಮೊಣಕಾಲಿಗೆ ಪಟ್ಟಿ, ತುಟಿ ಊದಿಕೊಂಡಿತ್ತು.

"ಏನೂ ಆಗಿಲ್ಲ ಕಣೇ, ಸ್ವಲ್ಪ ತರಚಿದೆ ಅಷ್ಟೇ," ಅಜ್ಜಿ ಮೊದಲೇ ಶುರುಮಾಡಿದಳು. "ನಿಮ್ಮಣ್ಣ ಕಲಿಸ್ತಿದ್ದ. ಎಷ್ಟು ಚೆನ್ನಾಗಿ ತುಳೀತಿದ್ಲು ಗೊತ್ತಾ! ತಿರುಗಿ ನೋಡಿದ್ದೇ ತಪ್ಪಾಯ್ತು."

"ಯಾಕೆ ತಿರುಗಿ ನೋಡಿದ್ಲು?"

ಅಜ್ಜಿ ಮೊಣಕಾಲಿನ ಪಟ್ಟಿ ಸರಿಮಾಡತೊಡಗಿದಳು. ಉತ್ತರ ಕೊಟ್ಟದ್ದು ಮೆಣಸು. "ಮಾಮ ಹಿಡ್ಕೊಂಡಿದೀನಿ ಅಂದ. ಹಿಡ್ಕೊಂಡಿರ್ಲಿಲ್ಲ."

ಮೊಣಕಾಲಿನ ಗಾಯ ಹೇಗೂ ಒಣಗುವಂಥದ್ದು. ಆದರೆ ಅವತ್ತು ತಲೆಗೆ ನೀರು ಹಾಕುವಾಗ "ಕಣ್ಣಿಗೆ ಸೋಪು ಹೋಗಲ್ಲ ಪುಟ್ಟಾ" ಎಂದರೆ ಮಗು ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡಿತು. ಮೆಟ್ಟಿಲಿಳಿಯುವಾಗ "ನಾನಿದೀನಿ, ಇಳಿ" ಎಂದರೆ ನಿಂತು, ತಿರುಗಿ, ಅಮ್ಮನ ಕೈಯನ್ನು ಮುಟ್ಟಿ ನೋಡಿ, ಆಮೇಲೆ ಇಳಿಯಿತು. ಮರುದಿನ ಬೆಳಿಗ್ಗೆ ತಂಗಿ ಪೆಡಲ್ ಬಿಚ್ಚಿ, ಸೀಟು ಇಳಿಸಿಕೊಟ್ಟರೂ ಮೆಣಸು ಸೈಕಲ್ಲಿನ ಹತ್ತಿರ ಸುಳಿಯಲಿಲ್ಲ. "ಬೇಡ. ಅದು ಬೀಳ್ಸುತ್ತೆ."

ಸೈಕಲ್ಲಿನ ಮನೆ ಹಾಳಾಗಲಿ! ಹೆತ್ತ ತಾಯಿಯ ಕೈಯನ್ನು ಮಗು ಮುಟ್ಟಿ ಪರೀಕ್ಷೆ ಮಾಡುವುದೆಂದರೇನು? ತಂಗಿಗೆ ಅಂಗಾಲಿನ ಸಿಟ್ಟು ನೆತ್ತಿಗೇರಿತು. ಒಂದೇ ಉಸಿರಿಗೆ ಮೆಟ್ಟಿಲು ಹತ್ತಿದಳು.

ಅಣ್ಣ ಟೀ ಕುಡಿಯುತ್ತ ಪೇಪರ್ ಓದುತ್ತಿದ್ದ. ಅಜ್ಜಿ ಪಕ್ಕದಲ್ಲಿದ್ದಳು.

"ಅವಳಿಗೆ ಯಾಕೆ ಸುಳ್ಳು ಹೇಳಿದೆ?"

"ಬಂದ್ಯಾ? ಬರ್ತೀಯ ಅಂತ ಗೊತ್ತಿತ್ತು," ಅಣ್ಣ ಪೇಪರಿನಿಂದ ತಲೆ ಎತ್ತಲಿಲ್ಲ. "ನೀನೂ ಹೀಗೇ ಕಲ್ತಿದ್ದಲ್ವೇನೇ? ಬಿದ್ದೆ, ಎದ್ದೆ, ಆಮೇಲೆ ಊರೆಲ್ಲ ಸುತ್ತಿದೆ. ಬೀಳದೆ ಕಲಿತೋರು ಯಾರಿದಾರೆ?"

"ಬೀಳೋದಕ್ಕೆ ನನ್ನ ತಕರಾರಿಲ್ಲ. ಅವಳು ತಾನೇ ಬೀಳ್ತಿದ್ಲು, ತಾನೇ ಏಳ್ತಿದ್ಲು. ನೀನು ನಂಬಿಸಿ ಬೀಳ್ಸಿದೆ."

"ಧೈರ್ಯ ಬರ್ಲಿ ಅಂತ ಒಂದು ಮಾತು ಹೇಳಿದ್ರೆ ಅದು ಸುಳ್ಳಾ?"

"ನಿನ್ನ ಸ್ಕೂಲಿನ ಕಾರಲ್ಲಿ ನಿನ್ನ ಕಾಲ ಕೆಳಗೆ ಇನ್ನೊಂದು ಬ್ರೇಕ್ ಇದೆಯಲ್ಲ, ಅದ್ಯಾಕೆ? ಮೀಸೆ ಬಂದಿರೋ ಗಂಡಸರಿಗೆ ಕಲಿಸೋಕೆ ನಿಂಗೆ ಎರಡನೇ ಬ್ರೇಕ್ ಬೇಕು. ನನ್ನ ಮಗೂಗೆ ಮಾತ್ರ ಬಾಯಿಮಾತು ಸಾಕಾ?"

ಅಣ್ಣ ಪೇಪರ್ ಮಡಚಿದ. ಅಜ್ಜಿ ಕೈ ಬೀಸಿದಳು. "ಬಿಡೇ, ಇಲಿ ಹೋದ್ರೆ ಹುಲಿ ಹೋಯ್ತು ಅಂತ ಕೂಗಾಡ್ಬೇಡ."

ತಂಗಿ ಬಾಯಿಗೆ ಬೆರಳು ಹಾಕಿದಳು. ಮುಂದಿನ ಹಲ್ಲನ್ನು ಅದರ ಗುಲಾಬಿ ಬಣ್ಣದ ತಟ್ಟೆಯ ಸಮೇತ ಕಳಚಿ ಟೀ ಲೋಟದ ಪಕ್ಕದಲ್ಲಿಟ್ಟಳು. ಅದು ಅವಳೇ ಮಾಡಿಕೊಂಡ ಹಲ್ಲು. ಅಕ್ಕಪಕ್ಕದ ಹಲ್ಲುಗಳಿಗೂ ಅದಕ್ಕೂ ಬಣ್ಣದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಎಷ್ಟೋ ಸಲ ತಿದ್ದಿ ಮಾಡಿದ್ದಳು. ಗಂಡನನ್ನು ಬಿಟ್ಟರೆ ಅದು ಕಳಚಿದ್ದನ್ನು ಯಾರೂ ನೋಡಿರಲಿಲ್ಲ.

"ತಗೋ, ನೀನು ಕೊಟ್ಟ ಧೈರ್ಯ. ಫರಿಯಾಗಿ ನೋಡ್ಕೋ!"

ಹಲ್ಲಿಲ್ಲದ ಸಂದಿಯಲ್ಲಿ ಗಾಳಿ ನುಗ್ಗಿ ಮಾತಿಗೆ ಸೀಟಿ ಸೇರಿಕೊಂಡಿತು. ಅಣ್ಣ ತುಟಿ ಕಚ್ಚಿದ. ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದಳು. ಪ್ರಯೋಜನವಾಗಲಿಲ್ಲ, ಇಬ್ಬರೂ ಭುಜ ಕುಣಿಸಿ ನಕ್ಕುಬಿಟ್ಟರು.

"ನಗಿ, ನಗಿ! ಇಷ್ಟು ವರ್ಷ ನಾನೂ ನಿಮ್ಮ ಜೊತೆ ನಕ್ಕೆನಲ್ಲ, ಅದಕ್ಕೇ ಇವತ್ತು ಇದು ನನ್ನ ಮಗಳ ತಂಕ ಬಂತು!"

"ಮಾಮ ನಿಂಗೂ ಹಾಗೇ ಹೇಳಿದ್ನಾ?"

ಮೆಣಸು ಯಾವಾಗ ಮೇಲೆ ಬಂದಿದ್ದಳೋ, ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣು ಮೇಜಿನ ಮೇಲಿನ ಹಲ್ಲಿನಿಂದ ಅಮ್ಮನ ಬಾಯಿಗೆ, ಅಮ್ಮನ ಬಾಯಿಂದ ಮಾಮನ ಮುಖಕ್ಕೆ ಓಡಾಡಿತು.

"ಹೂಂ," ಎಂದಳು ತಂಗಿ.

"ನೀನು ನಂಬಿದ್ಯಾ?"

"ನಂಬಿದ್ದೆ."

"ಹಾಗಾದ್ರೆ ಸೈಕಲ್ದು ತಪ್ಪಿಲ್ಲ," ಎಂದಳು ಮೆಣಸು.

ನಗು ಅಲ್ಲಿಗೇ ನಿಂತಿತು.

ಸಂಜೆ ಮೆಣಸು ಎಲ್ಲರನ್ನೂ ಅಂಗಳಕ್ಕೆ ಹೊರಡಿಸಿದಳು. ತನ್ನ ಹಿಂದೆ ಯಾರೂ ಇರಕೂಡದು. ಎಲ್ಲರೂ ಎದುರಿನ ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ನಿಲ್ಲಬೇಕು. ತಾನು ಸೈಕಲ್ಲಿನ ಮೇಲೆ ಕೂತು, ಎರಡೂ ಪಾದ ನೆಲಕ್ಕೂರಿ, ಹುಕುಂ ಹೊರಡಿಸಿದಳು.

"ಕೈ ಮೇಲೆ!"

ತಂಗಿ ಎತ್ತಿದಳು. ಅಜ್ಜಿಯ ಒಂದು ಕೈ ನೆಟ್ಟಗೆ, ಒಂದು ಸೊಟ್ಟಗೆ ಮೇಲೆದ್ದವು. ಅಷ್ಟರಲ್ಲಿ ತರಕಾರಿ ಚೀಲ ಹಿಡಿದು ಗೇಟಿನೊಳಗೆ ಬಂದ ತಂಗಿಯ ಗಂಡ ಬೆಚ್ಚಿ ನಿಂತ. "ಏನಾಯ್ತು? ಯಾರು ಬಂದ್ರು?"

"ಮೊದ್ಲು ಕೈ ಎತ್ರೀ, ಆಮೇಲೆ ಕೇಳಿ," ಎಂದಳು ತಂಗಿ. ಅವನು ಚೀಲಗಳ ಸಮೇತ ಎತ್ತಿದ.

ಅಣ್ಣ ಮಾತ್ರ ಪ್ಯಾಂಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು ನಿಂತಿದ್ದ. "ಇಷ್ಟು ದೂರ ಇದೀನಲ್ಲಮ್ಮ, ನನ್ನ ಕೈ ಯಾಕೆ? ಮುಟ್ಟಲ್ಲ ಕಣೇ, ನಿನ್ನಾಣೆ."

"ಕಾಣ್ಬೇಕು."

ಮೆಣಸು ಅಲುಗಲಿಲ್ಲ. ಪಾದಗಳು ನೆಲಕ್ಕೆ ಅಂಟಿಕೊಂಡೇ ಇದ್ದವು. ಅಣ್ಣ ಸಹಾಯಕ್ಕೆ ತಂಗಿಯ ಕಡೆ ತಿರುಗಿದ. "ನನ್ನನ್ನ ಕಳ್ಳನ ಥರ ನಿಲ್ಲಿಸ್ತಿದಾಳಲ್ಲೇ ನಿನ್ನ ಮಗಳು!"

"ಎಲ್ಲಿ ನಿಲ್ಲಿಸ್ಬೇಕೋ ಅಲ್ಲೇ ನಿಲ್ಲಿಸಿದಾಳೆ."

ಅಣ್ಣನ ಕೈಗಳು ಜೇಬಿನಿಂದ ಹೊರಗೆ ಬಂದವು. ಭುಜದವರೆಗೆ ಬಂದು ನಿಂತವು.

"ಇನ್ನೂ ಮೇಲೆ, ಮಾಮ."

ಅವನ ಕಿವಿ ಕೆಂಪಗಾಯಿತು. ಕೈಗಳು ತಲೆಯ ಮೇಲಕ್ಕೆ ಏರಿದವು. ಮೆಣಸು ಒಂದೊಂದು ಅಂಗೈಯನ್ನೂ ನೋಡಿದಳು. ನೆಲವನ್ನು ಒದ್ದಳು, ಮತ್ತೊಮ್ಮೆ ಒದ್ದಳು, ಪಾದಗಳನ್ನೆತ್ತಿ ಅವರ ಮುಂದಿನಿಂದಲೇ ಸೊಯ್ಯನೆ ತೇಲಿಹೋದಳು.

ಅಜ್ಜಿ ಉಸ್ಸೆಂದು ಕೈ ಇಳಿಸುವುದರಲ್ಲಿದ್ದಳು.

"ಇಳಿಸ್ಬಾರ್ದು! ಇನ್ನೂ ಇದೆ!" ಅಂಗಳದ ಆ ತುದಿಯಿಂದ ಕೂಗು ಬಂತು.

ಮೆಣಸು ಸೈಕಲ್ ತಿರುಗಿಸಿಕೊಂಡು ಹೊರಟಳು. ಅಣ್ಣನ ತೋಳು ಸಣ್ಣಗೆ ನಡುಗತೊಡಗಿತು. ತಂಗಿ ಅವನ ಮೇಲಿಂದ ಕಣ್ಣು ತೆಗೆಯಲಿಲ್ಲ. ಬೆರಳಷ್ಟು ಇಳಿಸಿದರೂ ಮಗಳಿಗೆ ಕೂಗಿ ಹೇಳಿಬಿಡುವವಳಿದ್ದಳು.

ಅವನು ಇಳಿಸಲಿಲ್ಲ.