ಸರದಾರನ ಕೊರಳು

ನನ್ನ ಹೆಂಡತಿ ಪಾರ್ವತಿಬಾಯಿ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಆಗ ನಮ್ಮ ಮನೆಯಲ್ಲಿ ನಾತ ಶುರುವಾಯಿತು. ಎಲ್ಲೋ ಇಲಿ ಸತ್ತಿರಬೇಕೆಂದು ಸೊಸೆ ಸಂಗಮ್ಮ ಜೋಳದ ಚೀಲಗಳನ್ನೆಲ್ಲ ಸರಿಸಿ ನೋಡಿದಳು. ಇಲಿ ಇರಲಿಲ್ಲ. ಮರುದಿನ ಬೆಳಿಗ್ಗೆ ನಾನು ಪೂಜೆಗೆ ಕುಳಿತು ಲಿಂಗವನ್ನು ಅಂಗೈಗೆ ತೆಗೆದುಕೊಂಡಾಗ, ಊದುಬತ್ತಿಯ ಹೊಗೆಯನ್ನು ದಾಟಿ ಆ ನಾತ ಬಂತು. ತಿರುಗಿ ನೋಡಿದೆ. ಹೊಸ್ತಿಲಾಚೆ ಸರದಾರ ಮಲಗಿದ್ದ.

ಸರದಾರ ನಮ್ಮ ನಾಯಿ. ನಮ್ಮೂರು ರಾಜೇಶ್ವರದಲ್ಲಿ ಅಷ್ಟು ದೊಡ್ಡ ನಾಯಿ ಇನ್ನೊಂದಿರಲಿಲ್ಲ. ಎದ್ದು ನಿಂತರೆ ಅದರ ಬೆನ್ನು ನನ್ನ ಸೊಂಟಕ್ಕೆ ಬರುತ್ತಿತ್ತು. ಕುರಿ ಕಾಯುವ ಅಮೋಘಸಿದ್ದಪ್ಪ ಅದನ್ನು ಮರಿಯಿದ್ದಾಗ ಪಾರ್ವತಿಬಾಯಿಯ ಉಡಿಯಲ್ಲಿ ಹಾಕಿ ಹೋಗಿದ್ದ. ಆಕೆ ತನ್ನ ತಾಟಿನ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಸಾಕಿದಳು. ಹಾಸಿಗೆ ಹಿಡಿದ ಮೇಲೆ ಆಕೆ ನನಗೆ ಹೇಳಿದ ಕೊನೆಯ ಮಾತೂ ಅದರದೇ: "ಸರದಾರಗ ರೊಟ್ಟಿ ತಪ್ಪಸಬ್ಯಾಡ್ರಿ." ಆಗ ಅದು ಐದು ತಿಂಗಳ ಮರಿ.

ನಾತ ಅದರದೇ ಎಂದು ಗೊತ್ತಾದ ದಿನ ಮಗ ವೈಜನಾಥ ನನ್ನೆದುರು ಬಂದು ಕುಳಿತ.

"ಅಪ್ಪಾ, ಬರೋ ಸೋಮವಾರ ಅವ್ವನ ವರ್ಷದ ಗಣಾರಾಧನೆ ಅದ. ಐವತ್ತು ಮಂದಿ ಅಯ್ಯಾರು ಇದೇ ಪಡಸಾಲ್ಯಾಗ ಪ್ರಸಾದಕ್ಕ ಕೂಡ್ತಾರ. ಈ ನಾತದಾಗ ಅವರು ಹ್ಯಾಂಗ ಉಣಬೇಕು?"

"ನಾ ತೊಳಿತೀನಿ."

"ತೊಳೀರಿ. ಶನಿವಾರತನಕ ನಾತ ಹೋಗಲಿಲ್ಲಂದ್ರ ಅಮೋಘಸಿದ್ದಪ್ಪಗ ಕೊಟ್ಟುಬಿಡ್ತೀನಿ. ಅಂವಾ ಕುರಿ ಹೊಡ್ಕೊಂಡು ಗೋದಾವರಿ ಕಡೆ ಹೊಂಟಾನ."

ಅಮೋಘಸಿದ್ದಪ್ಪ ಹೋದರೆ ಆರು ತಿಂಗಳು ಈ ಕಡೆ ತಿರುಗಿ ನೋಡುವವನಲ್ಲ. ಆಕೆಯ ವರ್ಷದ ಹೊತ್ತಿನಲ್ಲೇ ಆಕೆಯ ನಾಯಿಯನ್ನು ಮನೆಯಿಂದ ಅಟ್ಟಿದಂತಾಗುತ್ತಿತ್ತು. ನಾನು ಬಾವಿಗೆ ನಡೆದೆ.

ಮೊದಲ ದಿನ ಸೀಗೆಕಾಯಿ ಹಚ್ಚಿ ತಿಕ್ಕಿದೆ. ಎರಡನೆಯ ದಿನ ಬೇವಿನೆಲೆ ಕುದಿಸಿದ ನೀರು ಹಾಕಿದೆ. ಮೂರನೆಯ ದಿನ ಅರಿಷಿಣವನ್ನು ಎಣ್ಣೆಯಲ್ಲಿ ಕಲಸಿ ಮೈತುಂಬ ಸವರಿ ಬಿಸಿಲಿನಲ್ಲಿ ಕಟ್ಟಿದೆ. ಕಾಲು, ಹೊಟ್ಟೆ, ಬಾಲ, ಕಿವಿಯ ಒಳಗು, ಎಲ್ಲವನ್ನೂ ತೊಳೆದೆ. ಕೊರಳೊಂದನ್ನು ಬಿಟ್ಟೆ. ಅಲ್ಲಿ ಕೈ ಹೋದರೆ ಸರದಾರ ಗುರ್ರೆನ್ನುತ್ತಿದ್ದ. ಅವನು ಯಾಕೆ ಗುರ್ರೆನ್ನುತ್ತಾನೆಂಬುದು ನನಗೆ ಗೊತ್ತಿದೆ ಎಂದು ನಾನು ತಿಳಿದಿದ್ದೆ.

ಅದನ್ನು ಇಲ್ಲಿಯೇ ಹೇಳಬೇಕು. ಪಾರ್ವತಿಬಾಯಿಯನ್ನು ಸಮಾಧಿಯಲ್ಲಿ ಕುಳ್ಳಿರಿಸಿ, ಅವಳ ಲಿಂಗವನ್ನು ಅವಳ ಎಡಗೈಯಲ್ಲಿ ಇಟ್ಟರು. ಲಿಂಗ ಕಟ್ಟಿಕೊಳ್ಳುತ್ತಿದ್ದ ಅವಳ ಕೊರಳಿನ ಶಿವದಾರ ನನ್ನ ಮುಷ್ಟಿಯಲ್ಲಿ ಉಳಿಯಿತು. ಅವಳೇ ಹೊಸೆದ ದಾರ. ಎಂಟು ಎಳೆಯದು, ನಡುವೆ ಒಂದು ಕೆಂಪು ಎಳೆ, ಮೇಲೆ ಮೇಣ. ಆ ಮರಿ ಮೂರು ದಿನ ಹೊಸ ಮಣ್ಣಿನ ಮೇಲಿಂದ ಏಳಲಿಲ್ಲ, ರೊಟ್ಟಿ ಮೂಸಲಿಲ್ಲ. ಮೂರನೆಯ ದಿನ ನಾನು ಆ ದಾರವನ್ನು ಅದರ ಕೊರಳಿಗೆ ಕಟ್ಟಿದೆ. ಅದು ಎದ್ದು ನನ್ನ ಹಿಂದೆ ಮನೆಗೆ ಬಂತು. ನಾಯಿಗೆ ಶಿವದಾರ ಕಟ್ಟಿದೆನೆಂದರೆ ಊರು ಏನೆಂದೀತು? ಕೂದಲೊಳಗೆ ಮುಚ್ಚಿದೆ. ಮನೆಯವರಿಗೂ ಹೇಳಲಿಲ್ಲ. ಕೂದಲು ದಟ್ಟವಾಗಿ ಬೆಳೆಯಿತು. ಕೊರಳು ಮುಟ್ಟಿದರೆ ಸರದಾರ ಗುರ್ರೆಂದಾಗ, ಅವನು ಅವಳ ದಾರವನ್ನು ಕಾಯುತ್ತಿದ್ದಾನೆ ಎಂದುಕೊಂಡೆ. ನನಗೆ ಅದರಿಂದ ಸಮಾಧಾನವೂ ಆಗುತ್ತಿತ್ತು.

ಶನಿವಾರ ಅಮೋಘಸಿದ್ದಪ್ಪ ಕಂಬಳಿ ಹೊದ್ದು ಬಂದ. ಸರದಾರನ ಸುತ್ತ ಒಂದು ಸುತ್ತು ಬಂದು ಮೂಗು ಉಜ್ಜಿಕೊಂಡ.

"ಸಾವ್ಕಾರ್ರ, ಮದಿವಿ ಮಗಂಗ ಹಚ್ಚಿದಂಗ ಅರಿಷಿಣ ಹಚ್ಚೀರಿ. ಇದು ಮೈ ನಾತ ಅಲ್ರಿ. ಕುರಿಗೆ ಹುಳ ಬಿದ್ದಾಗ ಹಿಂಗೇ ನಾರತದ."

"ಹುಳ ಎಲ್ಲಿಂದ ಬರಬೇಕೋ? ಗಾಯ ಎಲ್ಲೂ ಇಲ್ಲ."

"ಕೊರಳ ನೋಡೀರೇನು?"

ನಾನು ಪಕ್ಕಕ್ಕೆ ಸರಿದೆ. ಅವನು ಕಂಬಳಿಯನ್ನು ಸರದಾರನ ತಲೆಯ ಮೇಲೆ ಹಾಕಿ, ಮೊಣಕಾಲಿನಿಂದ ಒತ್ತಿ ಹಿಡಿದು, ಬೆರಳು ಕೂದಲೊಳಗೆ ಇಳಿಸಿದ. ನಾಯಿ ಕೂಗಿದ ಕೂಗಿಗೆ ಸಂಗಮ್ಮ ಒಳಗಿನಿಂದ ಓಡಿ ಬಂದಳು. ಅಮೋಘಸಿದ್ದಪ್ಪ ಬೆರಳನ್ನು ಮಣ್ಣಿಗೆ ಒರೆಸಿದ.

"ಇದು ನನ್ನ ಕೈಲಿ ಆಗಂಗಿಲ್ಲ. ಹುಮನಾಬಾದಿಗೆ ಒಯ್ಯರಿ. ಜಲ್ದಿ."

ವೈಜನಾಥ ಬಂಡಿ ಹೂಡಿದ. ಹುಮನಾಬಾದಿನ ದನದ ದವಾಖಾನೆಯಲ್ಲಿ ಕಂಪೌಂಡರ್ ಅಲ್ಲಾಬಕ್ಷ ಇದ್ದ. ಸರದಾರನ ಬಾಯಿಗೆ ಹಗ್ಗ ಸುತ್ತಿ, ಕೊರಳಿನ ಕೂದಲನ್ನು ಕತ್ತರಿಯಿಂದ ತೆಗೆದ. ಕೂದಲು ಹೋದ ಮೇಲೆ ಕೊರಳು ಕಂಡಿತು. ಸುತ್ತಲೂ ಒಂದು ಬಿರುಕು. ಅದರ ಎರಡೂ ದಂಡೆಯ ಮಾಂಸ ಉಬ್ಬಿ ದಾರವನ್ನು ನುಂಗಿತ್ತು. ಒಳಗೆ ಹುಳುಗಳು ಮಿಜಿಗುಡುತ್ತಿದ್ದವು.

"ಮರಿ ಇದ್ದಾಗ ಕಟ್ಟೀರಿ ಏನ್ರಿ ಕಾಕಾ?"

"ಹೌದಪ್ಪಾ."

"ನಾಯಿ ಬೆಳೀತು, ದಾರ ಬೆಳೀಲಿಲ್ಲ. ಏನ ಕಟ್ಟಿದ್ರೂ ಕೊರಳಿಗೂ ಅದಕ್ಕೂ ನಡುವ ಎರಡು ಬೆರಳು ಹಿಡೀಬೇಕ್ರಿ. ತಿಂಗಳಿಗೊಮ್ಮೆ ಬೆರಳು ಹಾಕಿ ನೋಡಬೇಕ್ರಿ." ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸಣ್ಣ ಕತ್ತರಿಯನ್ನು ತೂರಿಸಿ ದಾರ ಕತ್ತರಿಸಿದ. ಎಳೆದಾಗ ಅದು ಮಾಂಸದೊಂದಿಗೆ ಬಂತು. ಅದನ್ನು ತಾಟಿನಲ್ಲಿಟ್ಟು ನೀರು ಹುಯ್ದ. ಕೊಳೆ ಬಿಟ್ಟ ಮೇಲೆ ಕೆಂಪು ಎಳೆ ಕಂಡಿತು. ವೈಜನಾಥ ಬಗ್ಗಿ ನೋಡಿದ.

"ಅಪ್ಪಾ, ಇದು ಅವ್ವಂದು."

"ಹೌದು. ನಾನೇ ಕಟ್ಟೀನಿ."

"ನನಗರೆ ಹೇಳಬೇಕಿತ್ತಲ್ಲ."

ಬಂಡಿ ತಿರುಗಿ ಬರುವಾಗ ಅವನು ನಾಯಿಯ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕುಳಿತ. ಎತ್ತುಗಳನ್ನು ನಾನೇ ಹೊಡೆದೆ. ಅಲ್ಲಾಬಕ್ಷ ಸೂಜಿ ಹಾಕಿ, ಪುಡಿ ಕೊಟ್ಟಿದ್ದ. ನಂಜು ರಕ್ತಕ್ಕೆ ಇಳಿದಿದೆ, ಎರಡು ದಿನ ದಾಟಿದರೆ ಉಳಿದೀತು ಎಂದಿದ್ದ. ಸರದಾರನನ್ನು ಕೊಟ್ಟುಬಿಡುವ ಮಾತನ್ನು ವೈಜನಾಥ ಮತ್ತೆ ಎತ್ತಲಿಲ್ಲ. ಅಂಗಳದ ಬೇವಿನ ಗಿಡದ ಕೆಳಗೆ ತಾನೇ ಗೋಣಿಚೀಲ ಹಾಸಿದ.

ರವಿವಾರ ಸಂಗಮ್ಮ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಇಟ್ಟಳು. ಸರದಾರ ಮೂಸಿ ನೋಡಿದ, ತಿನ್ನಲಿಲ್ಲ. ಸೋಮವಾರ ನಸುಕಿನಲ್ಲಿ ನಾನು ಹೋಗಿ ಮುಟ್ಟಿದಾಗ ಮೈ ತಣ್ಣಗಿತ್ತು. ಕೊರಳಿಗೆ ಕೈ ಹಾಕಿದೆ. ಈ ಸಲ ಗುರ್ರೆನ್ನಲಿಲ್ಲ.

ಅಯ್ಯನವರು ಬರುವ ಮೊದಲು ಹುಗಿಯಬೇಕಿತ್ತು. ಊರು ಬಿಡಲು ಕುರಿ ಕೂಡಿಸುತ್ತಿದ್ದ ಅಮೋಘಸಿದ್ದಪ್ಪ ಹಿಂಡನ್ನು ನಿಲ್ಲಿಸಿ, ಗುದ್ದಲಿ ತಂದ. ಹೊಲದ ಬದುವಿನಲ್ಲಿ ಅವನೂ ವೈಜನಾಥನೂ ಅಗೆದರು. ವೈಜನಾಥ ನಿಲ್ಲಿಸಲೇ ಇಲ್ಲ, ಎದೆಯ ಮಟ್ಟಕ್ಕೆ ಇಳಿದ.

"ಸಾಕೋ ತಮ್ಮಾ," ಎಂದ ಅಮೋಘಸಿದ್ದಪ್ಪ. "ನಾಯಿ ಅದು. ಸಮಾಧ್ಯಾಗ ಕುಂಡ್ರಸಾಂವ ಇದ್ದಂಗ ತೋಡಾಕತ್ತಿದಿ."

ವೈಜನಾಥ ಮೇಲೆ ಹತ್ತಿ ಬಂದ. ಸರದಾರನನ್ನು ಮಲಗಿಸಿದೆವು. ದವಾಖಾನೆಯಿಂದ ತಂದಿದ್ದ ದಾರವನ್ನು ನಾನು ಅದರ ಮುಂಗಾಲುಗಳ ನಡುವೆ ಇಟ್ಟೆ, ಕಟ್ಟಲಿಲ್ಲ. ಮಣ್ಣು ಎಳೆದೆವು.

ಮಧ್ಯಾಹ್ನ ಪಡಸಾಲೆಯಲ್ಲಿ ಅಯ್ಯನವರು ಸಾಲಾಗಿ ಕುಳಿತು ಪ್ರಸಾದ ಮಾಡಿದರು. ಹುಗ್ಗಿಯ ತುಪ್ಪದ ವಾಸನೆಯ ಹೊರತು ಮತ್ತೇನೂ ಇರಲಿಲ್ಲ. ಹಿರಿಯ ಅಯ್ಯನವರೊಬ್ಬರು, "ಮಹಾರುದ್ರಪ್ಪಾ, ಆಕಿ ವರ್ಷ ಚೊಲೋ ಮಾಡ್ದಿ," ಎಂದರು. ನಾನು ಅವರ ಪಾದ ಮುಟ್ಟಿದೆ.

ಎಲ್ಲರೂ ಹೋದ ಮೇಲೆ ಪೂಜೆಯ ಕೋಣೆಗೆ ಹೋಗಿ ಕುಳಿತೆ. ನನ್ನ ಕೊರಳಿನ ದಾರವೂ ಅವಳು ಹೊಸೆದದ್ದೇ, ಅದರಲ್ಲಿಯೂ ಒಂದು ಕೆಂಪು ಎಳೆ. ಅದರ ಕೆಳಗೆ ಬೆರಳು ತೂರಿಸಿದೆ. ಎರಡು ಬೆರಳು ಸಲೀಸಾಗಿ ಹಿಡಿದವು.