ಮಾಳಿಗೆ ಹತ್ತಿ ನೋಡಿದವಳು

ಮನೆ ನೋಡಲು ಬಂದವರು ಮನೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡುತ್ತಿದ್ದರು. ಕೊಟ್ರಬಸಮ್ಮನಿಗೆ ನಗು ತಡೆದುಕೊಳ್ಳುವುದೇ ದೊಡ್ಡ ಕೆಲಸವಾಗಿತ್ತು.

ಹೊಸಪೇಟೆಯ ಹಳೇ ಓಣಿಯಲ್ಲಿ ಅವಳ ಮಾವ ಕಟ್ಟಿಸಿದ ಮಣ್ಣಿನ ಮಾಳಿಗೆಯ ಮನೆ ಅದು. ತೇಗದ ಕಂಬ, ಕೆತ್ತನೆಯ ಬಾಗಿಲು, ಅಂಗಳದ ಮೂಲೆಯಲ್ಲಿ ಬಾವಿ. ಅದನ್ನು ಮಾರಿ, ಊರಾಚೆಯ ಹೊಸ ಲೇಔಟಿನಲ್ಲಿ ಆರ್‌ಸಿಸಿ ಮನೆ ಕಟ್ಟಿಸಬೇಕೆಂದು ಮಗ ವೀರೇಶ್ ಹಟ ಹಿಡಿದು ಕೂತಿದ್ದ. ಅವಳಿಗೂ ಅದೇ ಬೇಕಿತ್ತು, ಸುಳ್ಳು ಯಾಕೆ ಹೇಳಬೇಕು. ಗುಡಿಸಿದಷ್ಟೂ ಉದುರುವ ಮಣ್ಣು, ಒರೆಸಿದಷ್ಟೂ ಕೂರುವ ಅದಿರಿನ ಕೆಂಪು ಧೂಳು, ಇವೆರಡರ ನಡುವೆ ಅವಳು ರೋಸಿಹೋಗಿದ್ದಳು.

ಕೊಳ್ಳಲು ಬಂದವನು ಸಂಡೂರಿನ ಕಡೆಯ ಲಿಂಗರಾಜ್. ಐದು ವರ್ಷದ ಹಿಂದೆ ಅವನ ಹೊಲದಲ್ಲಿ ಸಜ್ಜೆ ಬೆಳೆಯುವುದೂ ಕಷ್ಟವಿತ್ತು. ಚೀನಾದವರಿಗೆ ಕೆಂಪು ಕಲ್ಲು ಬೇಕಾದದ್ದೇ ತಡ, ಅದೇ ಹೊಲದ ಕಲ್ಲು ಆರಿಸಿ ಮಾರಿ ಈಗ ಎಂಟು ಟಿಪ್ಪರುಗಳ ಧಣಿಯಾಗಿದ್ದ. ಕೊರಳಲ್ಲಿ ಎತ್ತು ಕಟ್ಟುವಷ್ಟು ದಪ್ಪದ ಚಿನ್ನದ ಸರ, ಕೈಯಲ್ಲಿ ಎರಡು ಮೊಬೈಲು. ಹೊಸ ಬಂಗಲೆ ಯಾರು ಬೇಕಾದರೂ ಕಟ್ಟಿಸಬಹುದು, ತನಗೆ ದೊಡ್ಡವರು ಬಾಳಿದ ಹಳೇ ಮನೆಯೇ ಬೇಕು ಎಂಬುದು ಅವನ ಆಸೆ. ಜೊತೆಗೆ ಅಂಜಿನಯ್ಯ ಎಂಬ ವಾಸ್ತು ಪಂಡಿತನನ್ನು ಕರೆತಂದಿದ್ದ. ಈ ಪಂಡಿತ ಮೂರು ವರ್ಷದ ಹಿಂದೆ ಕಂಪ್ಲಿಯಲ್ಲಿ ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದದ್ದನ್ನು ಕೊಟ್ರಬಸಮ್ಮ ಕಣ್ಣಾರೆ ಕಂಡಿದ್ದಳು. ಈಗ ಹಣೆಯ ತುಂಬ ಕುಂಕುಮ, ಅಂಗೈಯಲ್ಲಿ ದಿಕ್ಸೂಚಿ.

ಇನ್ನೊಬ್ಬಳೂ ಬಂದಿದ್ದಳು, ಲಿಂಗರಾಜನ ತಾಯಿ ದ್ಯಾಮಕ್ಕ. ಮಗ ಉಡಿಸಿದ ರೇಷ್ಮೆ ಸೀರೆಯನ್ನು ಕೂಲಿಗೆ ಹೊರಟವರ ಹಾಗೆ ಮೊಣಕಾಲಿಗೆ ಎತ್ತಿ ಕಟ್ಟಿದ್ದಳು. ಕೊಟ್ರಬಸಮ್ಮ ಒಮ್ಮೆ ನೋಡಿ ಮೂಗು ಮುರಿದಳು. ಎಂಟು ಟಿಪ್ಪರ್ ಬಂದರೂ ಸೀರೆ ಉಡಲು ಬರಲಿಲ್ಲ ಎಂದುಕೊಂಡು, ಅವಳಿಗೆ ಜಗಲಿಯ ಮೇಲೆ ಒಂದು ಚಾಪೆ ಎಸೆದು ಬಂದಳು.

"ಬಾಗ್ಲ ಪೂರ್ವಕ್ಕ ಐತಿ, ಮಸ್ತ್ ಐತಿ" ಎಂದ ಅಂಜಿನಯ್ಯ. "ಆದ್ರ ಒಲಿ ಒಂದು ಮೊಳ ಈ ಕಡಿ ಬರಬೇಕು."

"ತರ್ಸೋಣ್ರಿ ಸ್ವಾಮೇರ" ಎಂದ ಲಿಂಗರಾಜ್. ಅವನು ಬಾಗಿಲಿನ ಕೆತ್ತನೆ ಸವರಿದ, ಕಂಬವನ್ನು ತಬ್ಬಿಕೊಂಡು ಫೋಟೋ ತೆಗೆಸಿಕೊಂಡ. ಬಾವಿಯ ಬಳಿ ನಿಂತು ಅದು ಈಶಾನ್ಯದಲ್ಲಿದೆಯೆಂದು ಕೈಮುಗಿದನೇ ಹೊರತು ಒಂದು ಕೊಡ ನೀರು ಸೇದಿ ಬಾಯಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೆ ಉಪ್ಪು ನಾಲಿಗೆಗೆ ಹತ್ತುತ್ತಿತ್ತು. ಗೋಡೆಗೆ ಹೊಸದಾಗಿ ಬಳಿದ ಹಳದಿ ಬಣ್ಣವನ್ನು ಹೊಗಳಿದ, ಆದರೆ ಬುಡದಲ್ಲಿ ಅಂಗೈ ಇಟ್ಟು ತೇವ ನೋಡಲಿಲ್ಲ. ಬಾಗಿಲ ಚೌಕಟ್ಟನ್ನು ಬೆರಳಿನಿಂದ ತಟ್ಟಿದ್ದರೆ ಗೆದ್ದಲು ತಿಂದ ಪೊಳ್ಳು ತಾನೇ ಉತ್ತರ ಕೊಡುತ್ತಿತ್ತು. ತಟ್ಟುವ ಬೆರಳುಗಳಲ್ಲೆಲ್ಲ ಉಂಗುರ ತುಂಬಿದ್ದವು.

ಮಣ್ಣು ಅಗೆದು ದೊಡ್ಡವನಾದವನಿಗೆ ಮಣ್ಣಿನ ಮನೆ ನೋಡಲು ಬರುವುದಿಲ್ಲವಲ್ಲ! ಕೊಟ್ರಬಸಮ್ಮ ಹೊಟ್ಟೆಯೊಳಗೇ ನಕ್ಕಳು.

ಆದರೆ ನಗುವಂಥದ್ದಲ್ಲದ ಸಂಗತಿ ಒಂದಿತ್ತು. ನೈರುತ್ಯದ ದೊಡ್ಡ ಕೋಣೆಯ ತೊಲೆ ಗೋಡೆಯೊಳಗೆ ಸೇರುವ ಕಡೆ ಕೊಳೆತು ಹೋಗಿತ್ತು. ಹೋದ ಮಳೆಗಾಲದಲ್ಲಿ ವೀರೇಶ್ ಏಣಿ ಹಾಕಿ ಸ್ಕ್ರೂಡ್ರೈವರ್ ಚುಚ್ಚಿದರೆ ಅದು ಹಿಡಿಯವರೆಗೂ ಒಳಗೆ ಇಳಿದಿತ್ತು. ಕೆಳಗೆ ನಿಂತು ಏಣಿ ಹಿಡಿದಿದ್ದವಳು ಕೊಟ್ರಬಸಮ್ಮನೇ. ತೊಲೆ ರಿಪೇರಿಗೆ ಗೌಂಡಿಯನ್ನು ಕರೆಸುವ ಬದಲು ವೀರೇಶ್ ಬಳ್ಳಾರಿಯಿಂದ ಪಿಒಪಿ ಕೆಲಸದವರನ್ನು ಕರೆಸಿ, ತೊಲೆ ಜಂತಿ ಒಂದೂ ಕಾಣದ ಹಾಗೆ ಬಿಳಿ ಸೀಲಿಂಗ್ ಹೊದಿಸಿ, ಸುತ್ತಲೂ ಬಣ್ಣದ ಲೈಟು ಸಿಕ್ಕಿಸಿದ್ದ. ಮೇಲೆ ಕೊಳೆತ ತೊಲೆ, ಕೆಳಗೆ ಮದುವೆ ಮಂಟಪ.

ಯಾರಾದರೂ ಕೇಳಿದರೆ ಹೇಳಿಬಿಡುತ್ತೇನೆ, ಕೇಳದವರಿಗೆ ನಾನೇಕೆ ಹೇಳಬೇಕು ಎಂದು ಅವಳು ತನ್ನಷ್ಟಕ್ಕೆ ತೀರ್ಮಾನ ಮಾಡಿಕೊಂಡಿದ್ದಳು. ದಿನಾ ವಿಭೂತಿ ಹಚ್ಚಿ ಪೂಜೆಗೆ ಕೂರುವ ಹೆಂಗಸು ಈ ನ್ಯಾಯವನ್ನು ಯಾವ ಸ್ವಾಮಿಗಳಿಂದ ಕಲಿತಳೋ ಗೊತ್ತಿಲ್ಲ. ಬಂದವರು ಪೆದ್ದರು ಎಂದುಕೊಂಡಷ್ಟೂ ಅವಳ ಮನಸ್ಸು ಹಗುರವಾಗುತ್ತಿತ್ತು. ಅದಕ್ಕೇ ಬೆಳಗಿನಿಂದ ಅವರ ತಪ್ಪುಗಳನ್ನು ಹುಡುಕುತ್ತಿದ್ದಳು.

ಅಂಜಿನಯ್ಯ ಅದೇ ಕೋಣೆಯಲ್ಲಿ ಬಂದು ನಿಂತ. ದಿಕ್ಸೂಚಿ ತಿರುಗಿಸಿದ, ಕಣ್ಣು ಮುಚ್ಚಿದ, ತೆರೆದ.

"ಲಿಂಗರಾಜಾರ, ಇದು ಹಿರೇರು ಮಲಗೋ ಜಾಗ. ನಿಮ್ಮವ್ವನ ಮಂಚ ಇಲ್ಲೇ ಬರಬೇಕು ನೋಡ್ರಿ."

ಅವನು ಕಾಲಿನಿಂದ ಗುರುತು ಮಾಡಿದ್ದು ಕೊಳೆತ ತೊಲೆಯ ನೇರ ಕೆಳಗೆ. ಕೊಟ್ರಬಸಮ್ಮ ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. ವೀರೇಶ್ ಮಾತ್ರ ನಗುನಗುತ್ತಾ ಲೈಟು ಹಾಕಿ ತೋರಿಸಿದ.

ಅಷ್ಟರಲ್ಲಿ ಜಗಲಿಯ ಚಾಪೆ ಖಾಲಿಯಾಗಿತ್ತು. ಹುಡುಕಿದರೆ ದ್ಯಾಮಕ್ಕ ಹಿತ್ತಲ ಕಲ್ಲಿನ ಮೆಟ್ಟಿಲು ಹತ್ತಿ ಮಾಳಿಗೆಯ ಮೇಲೆ ನಿಂತಿದ್ದಳು. ಕೊಟ್ರಬಸಮ್ಮ ಏದುಸಿರು ಬಿಡುತ್ತಾ ಹಿಂದೆಯೇ ಹತ್ತಿದಳು.

"ಯಮ್ಮಾ, ಬಿಸಲಾಗ ಇಲ್ಲೇನ್ ಮಾಡ್ತಿ? ಇಳಿ ಕೆಳಗ."

ದ್ಯಾಮಕ್ಕ ಇಳಿಯಲಿಲ್ಲ. ಕೋಣೆಗೆ ಬೆಳಕು ಬಿಡುವ ಗವಾಕ್ಷಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಅದರ ಕಲ್ಲಿನ ಅಂಚನ್ನು ಸವರುತ್ತಿದ್ದಳು.

"ಅಮ್ಮಾರ, ಗವಾಕ್ಷಿ ಕಲ್ಲು ಮಣ್ಣಿನ ಮ್ಯಾಲೆ ಒಂದು ಗೇಣು ಕಾಣಬೇಕ್ರಿ. ಇಲ್ಲಿ ಬಟ್ಟಿನಷ್ಟೂ ಕಾಣವಲ್ದು" ಎಂದಳು. "ವರ್ಸಾ ಮಳಿಗಿಂತ ಮೊದಲು ಹಳೇ ಸೌಳು ಕೆರದು ಕೆಳಗ ಹಾಕಿ, ಆಮ್ಯಾಲೆ ಹೊಸಾದು ಹೊದಸಬೇಕ್ರಿ. ನೀವು ಕೆರದೇ ಇಲ್ಲ. ಮ್ಯಾಲಿಂದ ಮ್ಯಾಲೆ ಹಾಕೀರಿ."

ಸೋರದಿರಲೆಂದು ಮಾಳಿಗೆಗೆ ಹೊದಿಸುವ ಆ ಉಪ್ಪುಮಣ್ಣನ್ನು ಮೂವತ್ತು ವರ್ಷ ಕೆರೆಸದೆ ಹಾಕಿಸಿದವನು ತೀರಿಹೋದ ಅವಳ ಗಂಡ. ಕೆರೆಯಲು ಬೇರೆ ಕೂಲಿ ಯಾಕೆ ಕೊಡಬೇಕು ಎಂಬುದು ಅವನ ಲೆಕ್ಕ. ಈ ಓಣಿಯಲ್ಲಿ ಎಲ್ಲರ ಲೆಕ್ಕವೂ ಅದೇ. ಎಲ್ಲರ ಮಾಳಿಗೆಯೂ ವರ್ಷಕ್ಕೆ ಅರ್ಧ ಬೆರಳು ಬೆಳೆಯುತ್ತಿತ್ತು, ಎಲ್ಲರೂ ಅದನ್ನು ಗಟ್ಟಿ ಮಾಳಿಗೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

"ನಿನಗ ಇದೆಲ್ಲ ಹೆಂಗ ಗೊತ್ತು?"

"ಹೆಂಗ ಅಂದ್ರ? ಇದ ಹೊಸಪ್ಯಾಟ್ಯಾಗ ಇಪ್ಪತ್ತು ವರ್ಸ ಬುಟ್ಟಿ ಹೊತ್ತೀನ್ರಿ. ಕೆರೀರಿ ಅಂತ ನಾವು ಹೇಳಿದ್ರ ಯಾರ್ ಕೇಳ್ತಿದ್ರು?" ದ್ಯಾಮಕ್ಕ ಗವಾಕ್ಷಿಯೊಳಗೆ ಒಮ್ಮೆ ಇಣುಕಿ, ಮಂಡಿ ಹಿಡಿದು ಎದ್ದಳು. "ಇಷ್ಟು ಭಾರ ಹೊತ್ತ ತೊಲಿ ಹೆಂಗೈತೋ ನೋಡಬೇಕಿತ್ತು. ಅದನ್ನ ಬಿಳೇ ಹಾಳ್ಯಾಗ ಮುಚ್ಚೀರಿ."

ಕೆಳಗೆ ಬಂದು ಅವಳು ಮಗನಿಗೂ ಅದನ್ನೇ ಹೇಳಿದಳು. ಲಿಂಗರಾಜ್ ಪಂಡಿತನ ಮುಖ ನೋಡಿದ. ಪಂಡಿತ ಗಂಟಲು ಸರಿಮಾಡಿಕೊಂಡು, ತೊಲೆಯ ವಿಚಾರ ಶಾಸ್ತ್ರದಲ್ಲಿ ಬರುವುದಿಲ್ಲ ಎಂದ.

"ಅವ್ವಾ, ಅದು ಆಗಿನ ಕಾಲದ್ದು. ಈಗ ಪಿಒಪಿ ಮಾಡ್ಸ್ಯಾರ, ಬಿಡು" ಎಂದು ಲಿಂಗರಾಜ್ ತಾಯಿಯ ಬಾಯಿ ಮುಚ್ಚಿಸಿದ. ಆಮೇಲೆ ಏನು ತೋಚಿತೋ, ಕೊಟ್ರಬಸಮ್ಮನ ಕಡೆ ತಿರುಗಿ ಕೇಳಿಯೇಬಿಟ್ಟ. "ಅಮ್ಮಾರ, ದೊಡ್ಡ ಮನಿತನದೋರು ನೀವು. ನೀವು ಹೇಳಿದ್ರ ಮುಗೀತು. ತೊಲಿ ಗಟ್ಟಿ ಐತಿಲ್ರಿ?"

ವೀರೇಶ್ ಅವಳನ್ನೇ ದುರುಗುಟ್ಟಿ ನೋಡುತ್ತಿದ್ದ.

"ಗಟ್ಟಿ ಐತ್ರಿ" ಎಂದಳು ಕೊಟ್ರಬಸಮ್ಮ.

ಎಷ್ಟು ಸಲೀಸಾಗಿ ಬಂತು ಆ ಮಾತು! ಇನ್ನೊಬ್ಬರ ಪೆದ್ದುತನಕ್ಕೆ ನಗುತ್ತಿದ್ದವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೆ ನಾಲಿಗೆಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ದ್ಯಾಮಕ್ಕ ಜಗಳ ಮಾಡಲಿಲ್ಲ. ಜಗಲಿಗೆ ಹೋಗಿ ಚಾಪೆಯನ್ನು ಸುತ್ತಿಕೊಂಡು ಬಂದು ದೊಡ್ಡ ಕೋಣೆಯಲ್ಲಿ, ಪಂಡಿತ ಗುರುತು ಮಾಡಿದ ಜಾಗದಲ್ಲೇ ಹಾಸಿದಳು. ಮೇಲೆ ಕೂತು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದಳು.

"ಬರ್ರಿ ಅಮ್ಮಾರ. ಗಟ್ಟಿ ಐತಿ ಅಂದ್ರಲ್ಲ. ಇಬ್ರೂ ಒಂದು ಗಳಿಗಿ ಅಡ್ಡಾಗೋಣ. ಎದ್ದ ಮ್ಯಾಲೆ ನನ್ನ ಮಗ ಮಾತು ಕೊಡ್ಲಿ."

ಓಣಿಯ ತುದಿಯ ರಸ್ತೆಯಲ್ಲಿ ಅದಿರಿನ ಲಾರಿಗಳು ಸಾಲಾಗಿ ಹೋಗುತ್ತಿದ್ದವು. ಒಂದೊಂದು ಹೋದಾಗಲೂ ಕಪಾಟಿನೊಳಗಿನ ತಟ್ಟೆ ಲೋಟ ಸಣ್ಣಗೆ ಸದ್ದು ಮಾಡುತ್ತಿದ್ದವು. ಕೊಟ್ರಬಸಮ್ಮ ಹೊಸ್ತಿಲಿಗೆ ಬಂದು ನಿಂತಳು. ಕಾಲು ಮುಂದೆ ಹೋಗಲಿಲ್ಲ. ಹೋದ ಮಳೆಗಾಲದಿಂದ ಈ ಕೋಣೆಯಲ್ಲಿ ಅವಳಾಗಲಿ ವೀರೇಶನಾಗಲಿ ಒಂದು ದಿನ ಮಲಗಿರಲಿಲ್ಲ. ಕಸವನ್ನೂ ಗೋಡೆಗೆ ಆತುಕೊಂಡೇ ಗುಡಿಸಿ ಹೊರಬರುತ್ತಿದ್ದಳು.

ಈಗ ಮಗ ಏನಾದರೊಂದು ನೆಪ ಹೇಳಿ ತನ್ನನ್ನು ತಡೆಯುತ್ತಾನೆ ಎಂದು ಅವಳು ಕಾದಳು. ಸೊಂಟ ನೋವು ಅನ್ನಲಿ, ಒಲೆಯ ಮೇಲೆ ಹಾಲಿದೆ ಅನ್ನಲಿ, ಏನು ಬೇಕಾದರೂ ಅನ್ನಲಿ.

ವೀರೇಶ್ ಹಿಂದಿನಿಂದ ಅವಳ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ದೂಡಿದ.

"ಹೋಗಬೇ. ಐದು ನಿಮಿಷ ಮಕ್ಕೊಂಡ್ರ ಏನಾಗ್ತೈತಿ?"

ಹಿಡಿಯವರೆಗೂ ಸ್ಕ್ರೂಡ್ರೈವರ್ ಇಳಿಸಿ ನೋಡಿದ್ದ ಕೈ ಅದು. ಕೊಟ್ರಬಸಮ್ಮ ತಿರುಗಿ ಅವನ ಮುಖವನ್ನು ನೋಡಿದಳು. ಅಲ್ಲಿ ಹೆದರಿಕೆ ಹುಡುಕಿದಳು. ಇದ್ದದ್ದು ಅವಸರ ಮಾತ್ರ.

ಅವಳು ಒಂದೇ ಉಸಿರಿಗೆ ಒಳಗೆ ನುಗ್ಗಿ ದ್ಯಾಮಕ್ಕನ ರಟ್ಟೆ ಹಿಡಿದು ಎಳೆದಳು.

"ಏಳ್ರಿ ಅಕ್ಕಾ, ಜಲ್ದಿ ಏಳ್ರಿ. ತೊಲಿ ಕೊಳತೈತಿ. ನನಗೂ ಗೊತ್ತೈತಿ, ನನ್ನ ಮಗಗೂ ಗೊತ್ತೈತಿ."

ವೀರೇಶ್ ಕೆಟ್ಟದಾಗಿ ಏನೋ ಬೈದ. ಲಿಂಗರಾಜನ ಮೊಬೈಲು ಕೈಯಲ್ಲಿ ಬಡಿದುಕೊಳ್ಳುತ್ತಲೇ ಇತ್ತು, ಅವನು ಎತ್ತಲಿಲ್ಲ. ಇಬ್ಬರು ಮುದುಕಿಯರು ಒಬ್ಬರ ಕೈ ಒಬ್ಬರು ಹಿಡಿದು ಅಂಗಳಕ್ಕೆ ಬಂದು ನಿಂತರು. ದ್ಯಾಮಕ್ಕ ಕೈ ಬಿಡಿಸಿಕೊಳ್ಳಲು ನೋಡಿದಳು. ಕೊಟ್ರಬಸಮ್ಮ ಬಿಡಲಿಲ್ಲ, ಬಿಟ್ಟರೆ ಮತ್ತೆ ಮಗನ ಮನೆಯೊಳಗೆ ಹೋಗಬೇಕಾಗುತ್ತದೆಂದು ಅವಳಿಗೆ ಭಯವಾಗಿತ್ತು.